ಹೊಸ್ತಿಲಿಗೆ ಬೆಲೆ ಸೊನ್ನೆ

ಪುಣೆಯಲ್ಲಿ ಮನೆಗಳ ಬೆಲೆ ಹೀಗೆ ಗಗನಕ್ಕೇರಲು ನಮ್ಮ ಕಾಕಾನೇ ಕಾರಣ ಎಂದರೆ ನೀವು ನಗುತ್ತೀರಿ. ನಗಿ, ಅಡ್ಡಿಯಿಲ್ಲ. ಆದರೆ ನಮ್ಮ ಬಳಗದಲ್ಲಿ ಯಾರನ್ನಾದರೂ ಕೇಳಿ ನೋಡಿ, ಆಣೆ ಮಾಡಿ ಹೇಳುತ್ತಾರೆ. ಕಾಕಾ ‘ಈ ವರ್ಷ ಬೆಲೆ ಇಳಿಯುತ್ತದೆ’ ಎಂದು ಬಾಯಿ ತೆರೆದರೆ ಸಾಕು, ಮರುದಿನದಿಂದಲೇ ಏರಲು ಶುರು! ಅವರು ಬಾಯಿ ಮುಚ್ಚಿಕೊಂಡು ಧಾರವಾಡದಲ್ಲೇ ಇದ್ದುಬಿಟ್ಟಿದ್ದರೆ ಇವತ್ತು ಈ ಊರಿನಲ್ಲಿ ಬಡವ ಬಲ್ಲಿದ ಎಲ್ಲರೂ ಸ್ವಂತ ಮನೆಯಲ್ಲಿ ಕಾಲು ಚಾಚಿ ಮಲಗುತ್ತಿದ್ದರೋ ಏನೋ.

ಕಾಕಾ ಎಂದರೆ ನನ್ನ ತಂದೆಯ ತಮ್ಮ. ಹರೆಯದಲ್ಲಿ ಪುಣೆಗೆ ಬಂದು ಒಂದು ಸಂಶೋಧನಾ ಸಂಸ್ಥೆಯಲ್ಲಿ ಅರ್ಥಶಾಸ್ತ್ರಜ್ಞರಾಗಿ ಸೇರಿದವರು, ತಲೆ ನರೆಯುವವರೆಗೆ ಒಂದೇ ವಿಷಯ ಹಿಡಿದುಕೊಂಡು ಕೂತರು. ಮನೆಗಳ ಬೆಲೆ ಯಾಕೆ ಏರುತ್ತದೆ, ಯಾವಾಗ ಇಳಿಯುತ್ತದೆ? ಏರುವುದು ಊರಿಗೆಲ್ಲ ಕಾಣುತ್ತಿತ್ತು. ಇಳಿಯುವುದು ಮಾತ್ರ ಕಾಕಾ ಒಬ್ಬರಿಗೇ ಕಾಣುತ್ತಿತ್ತು. ನಿವೃತ್ತಿಯಾದ ಮೇಲೆ ಸಂಸ್ಥೆ ಅವರನ್ನು ಬಿಟ್ಟಿತು, ಅವರು ಬೆಲೆಯನ್ನು ಬಿಡಲಿಲ್ಲ. ಇಷ್ಟು ವರ್ಷ ಮನೆಗಳ ಬಗ್ಗೆ ಬರೆದ ಮನುಷ್ಯ ತನಗೊಂದು ಮನೆ ಕೊಂಡಿರಲಿಲ್ಲ ಎಂಬುದನ್ನು ಬೇರೆ ಹೇಳಬೇಕೆ? ಬಿಬವೇವಾಡಿಯ ಹಳೆಯ ಕಟ್ಟಡವೊಂದರ ಮೊದಲನೇ ಮಹಡಿಯಲ್ಲಿ ಅವರದು ಬಾಡಿಗೆಯ ವಾಸ. ಈ ಊರಿನ ಪದ್ಧತಿಯಂತೆ ಹನ್ನೊಂದು ತಿಂಗಳ ಕರಾರು, ಅದು ಮುಗಿದೊಡನೆ ಮತ್ತೆ ಹನ್ನೊಂದು ತಿಂಗಳು. ಹೀಗೆ ಹನ್ನೊಂದು ಹನ್ನೊಂದು ತಿಂಗಳಾಗಿಯೇ ಕಾಕಾ ಮತ್ತು ಅವರ ಹೆಂಡತಿ ಕಾಕು ಅಲ್ಲಿ ಮುದುಕರಾದರು. ಅವರಿಗೆ ಮಕ್ಕಳಿಲ್ಲ. ಮದುವೆಯಾಗಿ ಇದೇ ಊರಿಗೆ ಬಂದ ಅಣ್ಣನ ಮಗಳು ನಾನು, ಪಾಠ ಹೇಳುವ ಶಾಲೆಗೆ ರಜೆಯಿದ್ದ ದಿನವೆಲ್ಲ ಅವರ ಮನೆಯಲ್ಲಿ ಹಾಜರು. ನನ್ನ ಕೂದಲೂ ಈಗ ಬೆಳ್ಳಗಾಗುತ್ತಿದೆ, ಕಾಕಾಗೆ ಮಾತ್ರ ಇನ್ನೂ ‘ಹುಡುಗಿ’ಯೇ.

ಅವರ ವಾದವೇನೂ ತಲೆಬುಡವಿಲ್ಲದ್ದಲ್ಲ. ಒಂದು ಮನೆಯ ಬೆಲೆಗೂ ಅದರ ಬಾಡಿಗೆಗೂ ಏನಾದರೊಂದು ಸಂಬಂಧ ಇರಬೇಕಲ್ಲವೆ? ಹಾಲು ಕೊಡುವ ಎಮ್ಮೆಗೆ ಹಾಲಿನ ಲೆಕ್ಕದಲ್ಲಿ ಬೆಲೆ ಕಟ್ಟುತ್ತೇವೆ. ಈ ಊರಿನಲ್ಲಿ ಎಮ್ಮೆ ಹಿಂಡುವುದು ಒಂದು ಸೇರು, ಬೆಲೆ ಮಾತ್ರ ಆನೆಯದು. ಹೀಗಿದ್ದ ಮೇಲೆ ಒಂದು ದಿನ ಇಳಿಯಲೇಬೇಕು ಎಂದು ಕಾಕಾ ಹೇಳಿದರೆ ಕೇಳಿದವರು ಹೌದು ಹೌದು ಎಂದು ತಲೆಯಾಡಿಸುತ್ತಿದ್ದರು. ಆಮೇಲೆ ಏನು ಮಾಡುತ್ತಿದ್ದರು ಗೊತ್ತೆ? ಕಾಕು ಕೊಟ್ಟ ಚಹಾ ಕುಡಿದು, ಕೈಮುಗಿದು, ಕೆಳಗಿಳಿದು, ನೆಟ್ಟಗೆ ಬಿಲ್ಡರನ ಆಫೀಸಿಗೆ ಹೋಗಿ ಮುಂಗಡ ಕೊಟ್ಟು ಬರುತ್ತಿದ್ದರು! ನಮ್ಮ ಬಳಗದಲ್ಲಿ ಕಾಕಾನ ಮಾತು ಕೇಳದೆ ಉದ್ಧಾರವಾದವರು ಬಹಳ ಜನ. ನಾನೂ ನನ್ನ ಗಂಡನೂ ಅದರಲ್ಲಿ ಸೇರಿದ್ದೇವೆ.

ನಮ್ಮ ವಾಸ್ತುಶಾಂತಿಯ ದಿನ ಎಲ್ಲರೂ ಸ್ಟೀಲಿನ ಪಾತ್ರೆ, ಗೋಡೆ ಗಡಿಯಾರ ತಂದರೆ ಕಾಕಾ ತಮ್ಮ ಸಂಶೋಧನಾ ಪ್ರಬಂಧವನ್ನೇ ಕೆಂಪು ರಟ್ಟು ಹಾಕಿಸಿ ತಂದಿದ್ದರು. ಅದನ್ನು ಕೊಟ್ಟು ಸುಮ್ಮನೆ ಊಟಕ್ಕೆ ಕೂತಿದ್ದರೆ ಆಗುತ್ತಿತ್ತು. ಹೋಮದ ಹೊಗೆಯ ನಡುವೆ ಎದ್ದು ನಿಂತು, ನಾವು ಈ ಮನೆಗೆ ಕೊಟ್ಟದ್ದು ಎಷ್ಟು ಹೆಚ್ಚಾಯಿತು, ಇನ್ನು ಸ್ವಲ್ಪ ತಡೆದಿದ್ದರೆ ಎಷ್ಟಕ್ಕೆ ಸಿಗುತ್ತಿತ್ತು ಎಂದು ನೆರೆದವರಿಗೆಲ್ಲ ವಿವರಿಸತೊಡಗಿದರು. ನನ್ನ ಅತ್ತೆಯ ಮುಖ ಹೋಮಕುಂಡಕ್ಕಿಂತ ಕೆಂಪಾಯಿತು. ಪುರೋಹಿತರು ಮಂತ್ರ ನಿಲ್ಲಿಸಿ ಕೇಳತೊಡಗಿದರು. ಅವರೂ ಮನೆ ಹುಡುಕುತ್ತಿದ್ದರಂತೆ! ಕೊನೆಗೆ ಕಾಕುವೇ ತಟ್ಟೆಯಿಂದ ಒಂದು ರವೆ ಉಂಡೆ ಎತ್ತಿ ಅವರ ಬಾಯಿಗೆ ತುರುಕಿದಳು.

“ಬೆಲಿ ಆಮ್ಯಾಲೆ ಇಳೀಲಿ. ಮೊದಲ ಇದು ಗಂಟಲಾಗ ಇಳೀಲಿ.”

ಕಾಕುವಿನ ಮಾತು ಯಾವಾಗಲೂ ಅಷ್ಟೇ ಇರುತ್ತಿತ್ತು, ಕಾಕಾನ ಬಾಯಿ ಮುಚ್ಚಿಸಲು ಅಷ್ಟು ಸಾಕಾಗುತ್ತಿತ್ತು.

ಆಮೇಲೆ ಅವರಿಗೆ ಕಿಟಕಿ ನೋಡುವ ಹುಚ್ಚು ಹತ್ತಿತು. ಮಾರಾಟವಾದ ಮನೆಗಳಲ್ಲಿ ನಿಜವಾಗಿ ಜನ ವಾಸವಾಗಿದ್ದಾರೆಯೇ, ಅಥವಾ ದುಡ್ಡಿದ್ದವರು ಕೊಂಡು ಬೀಗ ಜಡಿದಿಟ್ಟಿದ್ದಾರೆಯೇ? ಕಾಗದಪತ್ರ ಸುಳ್ಳು ಹೇಳಬಹುದು, ದೀಪ ಹೇಳುವುದಿಲ್ಲ ಎಂಬುದು ಕಾಕಾನ ಸಿದ್ಧಾಂತ. ಆದ್ದರಿಂದ ಸಂಜೆ ದೀಪ ಹಚ್ಚುವ ಹೊತ್ತಿಗೆ ದೊಡ್ಡ ದೊಡ್ಡ ಕಟ್ಟಡಗಳ ಕೆಳಗೆ ನಿಂತು, ಕತ್ತು ಮೇಲೆತ್ತಿ, ಬೆಳಕಿದ್ದ ಕಿಟಕಿಗಳನ್ನು ಎಣಿಸುವುದು. ಬೆಳಗ್ಗೆ ಹೋದರೆ ಬಾಲ್ಕನಿಯಲ್ಲಿ ಒಣಗಹಾಕಿದ ಬಟ್ಟೆ ಎಣಿಸುವುದು. ಧೋತರ ಉಟ್ಟ ಮುದುಕರೊಬ್ಬರು ಪರರ ಲಂಗ ಪೈಜಾಮಗಳನ್ನು ಅಷ್ಟು ಶ್ರದ್ಧೆಯಿಂದ ನೋಡುತ್ತಿದ್ದರೆ ಯಾವ ಸೊಸೈಟಿಯವರು ಸುಮ್ಮನಿರುತ್ತಾರೆ? ಒಂದು ದಿನ ಕಾವಲುಗಾರ ಹಿಡಿದು ಆಫೀಸಿನಲ್ಲಿ ಕೂರಿಸಿದ. ಸೆಕ್ರೆಟರಿ ಬಂದು ಮರಾಠಿಯಲ್ಲಿ, ನಿಮಗೆ ಇಲ್ಲಿ ಏನು ಬೇಕು ಎಂದು ಗದರಿಸಿದರೆ ಕಾಕಾ, ನಿಮ್ಮ ಕಟ್ಟಡದ ಅರ್ಧ ಮನೆಗಳಲ್ಲಿ ಯಾರೂ ಇಲ್ಲ, ನಿಮಗೆ ಗೊತ್ತೆ ಎಂದು ಅವರನ್ನೇ ಕೇಳಿದರಂತೆ. ಮನೆಗಳ್ಳನ ಬಾಯಲ್ಲಿ ಬರಬಹುದಾದ ಮಾತು ಇದಕ್ಕಿಂತ ಬೇರೆ ಇದೆಯೆ! ಪೊಲೀಸರಿಗೆ ಫೋನು ಹೋಗುವಷ್ಟರಲ್ಲಿ ಕಾಕು ಹೋಗಿ ಬಿಡಿಸಿಕೊಂಡು ಬಂದಳು. ದಾರಿಯಲ್ಲಿ ಒಂದು ಮಾತೂ ಬೈಯಲಿಲ್ಲವಂತೆ. ಮರುದಿನದಿಂದ ತಾನೂ ಜೊತೆಗೆ ಹೋಗಿ ನಿಲ್ಲತೊಡಗಿದಳು. ಹೆಂಗಸು ಪಕ್ಕದಲ್ಲಿದ್ದರೆ ಯಾರೂ ಸಂಶಯಪಡುವುದಿಲ್ಲ ನೋಡಿ.

ಭಾನುವಾರ ಬಂದರೆ ಇಬ್ಬರೂ ಇಸ್ತ್ರಿ ಬಟ್ಟೆ ಹಾಕಿಕೊಂಡು ಸ್ಯಾಂಪಲ್ ಫ್ಲ್ಯಾಟ್ ನೋಡಲು ಹೊರಡುತ್ತಿದ್ದರು. ಕೊಳ್ಳುವವರಿಗೆ ತೋರಿಸಲೆಂದು ಬಿಲ್ಡರುಗಳು ಸಿಂಗರಿಸಿ ಇಟ್ಟಿರುತ್ತಾರಲ್ಲ, ಆ ಮಾದರಿ ಮನೆಗಳು. ಕಾಕಾಗೆ ಅದು ಪ್ರಯೋಗಶಾಲೆ. ಮನೆಯ ಬೆಲೆಯನ್ನು ಬಿಡಿಬಿಡಿಯಾಗಿ ಒಡೆದು ನೋಡುವುದು ಅವರ ವಿದ್ಯೆ: ಬಾಲ್ಕನಿಗೆ ಎಷ್ಟು, ಲಿಫ್ಟಿಗೆ ಎಷ್ಟು, ಪೂರ್ವದ ಬಾಗಿಲಿಗೆ ಎಷ್ಟು, ಕಿಟಕಿಯಿಂದ ಗುಡ್ಡ ಕಂಡರೆ ಎಷ್ಟು, ಸ್ಮಶಾನ ಕಂಡರೆ ಎಷ್ಟು ಕಡಿಮೆ. ಕಾಕು ಮಾತ್ರ ಒಳಗೆ ಕಾಲಿಡುವ ಮುನ್ನ ಕೆಳಗೆ ನೋಡಿ, “ಇದಕ್ಕೂ ಹೊಸ್ತಲಾ ಇಲ್ಲ” ಎನ್ನುತ್ತಿದ್ದಳು. ಅಲ್ಲಿಗೆ ಅವಳ ಮನೆ ನೋಡುವ ಕೆಲಸ ಮುಗಿಯಿತು. ಉಳಿದ ಹೊತ್ತು ಸೋಫಾದ ಮೇಲೆ ಕೂತು ಅವರು ಕೊಟ್ಟ ಸಮೋಸಾ ತಿನ್ನುವುದು.

ಅವಳ ತಪ್ಪೇನು? ದಿನಾ ಬೆಳಗ್ಗೆ ಹೊಸ್ತಿಲು ಸಾರಿಸಿ, ಅರಿಷಿಣ ಬಳಿದು, ಕುಂಕುಮ ಇಟ್ಟು, ಎಳೆ ರಂಗೋಲಿ ಹಾಕಿದ ಮೇಲೆಯೇ ಚಹಾ ಕುಡಿಯುವ ಹೆಂಗಸು ಅವಳು. ಈಗಿನ ಮನೆಗಳಲ್ಲಿ ಹೊಸ್ತಿಲೆಲ್ಲಿದೆ? ಲಿಫ್ಟಿನ ಬಾಗಿಲಿನಿಂದ ಹಿಡಿದು ದೇವರ ಮೂಲೆಯವರೆಗೆ ಒಂದೇ ಬಿಳಿಯ ಹೊಳೆಯುವ ಟೈಲ್ಸು. ಅವರಿದ್ದ ಬಾಡಿಗೆ ಮನೆಗೆ ಮುಂಬಾಗಿಲಿಗಷ್ಟೇ ಅಲ್ಲ, ಒಳಗಿನ ಪ್ರತಿಯೊಂದು ಕೋಣೆಗೂ ಸಾಗವಾನಿಯ ಹೊಸ್ತಿಲಿತ್ತು. ಅಂಥದೇ ಒಂದು ಸ್ವಂತ ಮನೆ ಆಗಬೇಕು ಎಂಬುದೊಂದೇ ಅವಳ ಆಸೆ ಎಂದು ಬಳಗಕ್ಕೆಲ್ಲ ಗೊತ್ತಿತ್ತು. ಕಾಕಾಗೂ ಗೊತ್ತಿತ್ತು. ಅದಕ್ಕೇ ಅವರು ಏನು ಮಾಡಿದರು? ಹೊಸ್ತಿಲನ್ನೂ ತಮ್ಮ ಲೆಕ್ಕದಲ್ಲಿ ಸೇರಿಸಿ, ಹೊಸ್ತಿಲಿದ್ದ ಮನೆ ಇಲ್ಲದ ಮನೆಗಳ ಬೆಲೆಯನ್ನೆಲ್ಲ ತೂಗಿ ನೋಡಿ, ಒಂದು ಸಂಜೆ ನನ್ನೆದುರಿಗೇ ತೀರ್ಪು ಕೊಟ್ಟರು.

“ಎಲ್ಲಾ ರೀತಿಲೆ ನೋಡಿದೆ. ಪ್ಯಾಟ್ಯಾಗ ಹೊಸ್ತಲಾಕ್ಕ ಬೆಲಿ ಸೊನ್ನಿ.”

ಕಾಕು ಹತ್ತಿಯ ಬತ್ತಿ ಹೊಸೆಯುತ್ತಿದ್ದಳು. ತಲೆ ಎತ್ತದೆ ಹೇಳಿದಳು: “ಹಂಗಾರ ಲಕ್ಷ್ಮಿಗೆ ತಾ ಒಳಗ ಬಂದೇನೋ ಹೊರಗ ಇದ್ದೇನೋ ಹೆಂಗ ಗೊತ್ತಾಗಬೇಕ್ರಿ?”

ಕಾಕಾ ಇದಕ್ಕೆ ಉತ್ತರ ಹುಡುಕಲು ಹೋಗಿ ಆ ಸಂಜೆಯ ಕಿಟಕಿ ಎಣಿಕೆಯನ್ನೇ ಮರೆತರು.

ಈಚೆಗೆ ಒಂದೆರಡು ವರ್ಷದಿಂದ ಕಾಕು ಭಾನುವಾರದ ಸವಾರಿಗೆ ಬರುವುದನ್ನು ಬಿಟ್ಟಳು. ಮೊಣಕಾಲು ನೋವು ಎಂದಳು. ಆ ವಯಸ್ಸಿಗೆ ಯಾರಿಗಿಲ್ಲ? ಚಹಾ ಸೋಸುವಾಗ ಕಪ್ಪಿನ ಅಂಚಿನೊಳಗೆ ಬೆರಳಿಟ್ಟುಕೊಳ್ಳುವ ಹೊಸ ಅಭ್ಯಾಸವನ್ನೂ ಮಾಡಿಕೊಂಡಿದ್ದಳು. ಸುಟ್ಟುಕೊಂಡೀಯೇ ಎಂದು ನಾನು ಎಷ್ಟೋ ಸಲ ಗದರಿದ್ದೆ, ನಕ್ಕು ಸುಮ್ಮನಾಗುತ್ತಿದ್ದಳು. ಹೀಗಾಗಿ ಕಾಕಾನ ಜೊತೆ ಹೋಗುವ ಪಾಳಿ ನನಗೆ ಬಂತು. ಅಲ್ಲಿ ನೋಡಿದರೆ ಅವರ ಸಂಶೋಧನೆ ಹೊಸ ಹಾದಿ ಹಿಡಿದಿತ್ತು. ಏನೆನ್ನುತ್ತೀರಿ? ಕಣ್ಣು ಮುಚ್ಚಿಕೊಂಡು ಮನೆ ನೋಡುವುದು!

ನಿಜ ಹೇಳುತ್ತೇನೆ, ನನಗೆ ನೆಲ ಬಿರಿದು ಒಳಗೆ ಹೋಗಬಾರದೆ ಅನ್ನಿಸಿತು. ಮುಂಬಾಗಿಲಲ್ಲಿ ಚಪ್ಪಲಿ ಬಿಟ್ಟರು, ಎರಡೂ ಕಣ್ಣು ಬಿಗಿಯಾಗಿ ಮುಚ್ಚಿದರು, ಕೈ ಮುಂದೆ ಚಾಚಿ ಹೊರಟೇಬಿಟ್ಟರು. ಮನೆ ತೋರಿಸುವ ಕಂಪನಿಯ ಹುಡುಗಿ ಮೊದಲು ಇದೇನೋ ವಾಸ್ತು ಪರೀಕ್ಷೆ ಎಂದುಕೊಂಡು ಭಕ್ತಿಯಿಂದ ಬದಿಗೆ ಸರಿದಳು. ಕಾಕಾ ಗಾಜಿನ ಟೀಪಾಯಿಗೆ ಡಿಕ್ಕಿ ಹೊಡೆದರು. ಪ್ಲಾಸ್ಟಿಕ್ಕಿನ ಹೂದಾನಿ ಉರುಳಿಸಿದರು. ಬಟ್ಟೆ ಬೀರುವಿನ ಬಾಗಿಲು ತೆರೆದು ಒಳಗೆ ಕಾಲಿಟ್ಟು, ಇದು ಬಚ್ಚಲೇ ಎಂದು ಕೇಳಿದರು. ಹುಡುಗಿ ನಗು ತಡೆಯಲಾರದೆ ಅಲ್ಲ ಎಂದಳು. ಹಾಗಾದರೆ ಅಡಿಗೆಮನೆ ಎಲ್ಲಿ ಶುರುವಾಗುತ್ತದೆ ಎಂದು ಕೇಳಿದರು. ಇದು ಓಪನ್ ಕಿಚನ್ ಸರ್, ಎಲ್ಲಿಯೂ ಶುರುವಾಗುವುದಿಲ್ಲ, ಎಲ್ಲ ಒಂದೇ ಎಂದು ಅವಳು ಹೆಮ್ಮೆಯಿಂದ ಹೇಳಿದಳು. ಕಾಕಾ ಕಣ್ಣು ತೆರೆದರು. ಮುಖ ಸಪ್ಪಗಾಗಿತ್ತು.

“ನಡಿ ಹುಡುಗಿ, ಇದೂ ಆಗೂದಿಲ್ಲ.”

ಹೀಗೆ ಎಷ್ಟು ಮನೆ! ಪ್ರತಿ ಭಾನುವಾರ ಮೊಣಕಾಲಿಗೆ ಹೊಸ ಗಾಯ. ನಾನು ಬಂದು ಅಭಿನಯಿಸಿ ತೋರಿಸಿದರೆ ನನ್ನ ಗಂಡ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ. ಬೆಲೆ ಇಳಿಯುವುದನ್ನು ಕಾದು ಕಾದು ಕಾಕಾನ ತಲೆಯೇ ಇಳಿದಿದೆ ಎಂದು ಬಳಗವೆಲ್ಲ ಮಾತಾಡಿಕೊಂಡಿತು.

ಇಂಥದರಲ್ಲಿ ಕಾಕಾನ ಬಾಡಿಗೆ ಮನೆಯ ಮಾಲೀಕರ ಫೋನು ಬಂತು. ಮಾಲೀಕರು ಬಾರಾಮತಿಯಲ್ಲಿ ಸಕ್ಕರೆ ಕಾರ್ಖಾನೆಯ ಆಫೀಸಿನಲ್ಲಿ ದುಡಿದು ನಿವೃತ್ತರಾಗಿ ಅಲ್ಲಿಯೇ ನೆಲೆಸಿದ ಮರಾಠಿ ಗೃಹಸ್ಥರು. ಇದ್ದುದನ್ನು ಮಾರಿ ಹೆಣ್ಣುಮಕ್ಕಳಿಗೆ ಹಂಚಿಬಿಡುತ್ತೇನೆ, ನೀವು ಕೊಳ್ಳುವುದಾದರೆ ಮೊದಲು ನಿಮಗೆ, ಇಲ್ಲದಿದ್ದರೆ ಕರಾರು ಮುಗಿದ ಮೇಲೆ ಬಿಟ್ಟುಕೊಡಿ ಎಂದು ಹೇಳಿ ಒಂದು ಬೆಲೆಯನ್ನೂ ಹೇಳಿದರು. ಆಗ ನಾನು ಅಲ್ಲೇ ಇದ್ದೆ. ಈಗ ಉಪನ್ಯಾಸ ಶುರುವಾಗುತ್ತದೆ, ಪಾಪ ಆ ಬಾರಾಮತಿಯವರ ಕಿವಿಯ ಗತಿಯೇನು ಎಂದು ನಾನು ನೋಡುತ್ತಿದ್ದರೆ, ಕಾಕಾ ಕಾಕುವಿನ ಕಡೆ ಒಮ್ಮೆ ನೋಡಿ, ಫೋನಿನಲ್ಲಿ “ಚಾಲೇಲ್” ಎಂದುಬಿಟ್ಟರು. ಆಗಲಿ ಎಂದರ್ಥ. ಒಂದು ರೂಪಾಯಿ ಚೌಕಾಸಿ ಇಲ್ಲ! ಮೆಂತ್ಯದ ಸೂಡಿಗೆ ಅರ್ಧ ತಾಸು ಜಗಳವಾಡುವ ಮನುಷ್ಯ!

ಆ ಕಡೆ ಫೋನು ಹಿಡಿದವರಿಗೂ ಅದೇ ಆಶ್ಚರ್ಯ. ಸಂಜೆಗೆ ಮತ್ತೆ ಫೋನು ಮಾಡಿ, ಸದ್ಯ ಮಾರುವ ವಿಚಾರ ನಿಲ್ಲಿಸಿದ್ದೇನೆ ಎಂದರು. ಯಾಕೆಂದರೆ, ಪ್ರತಿ ಕರಾರಿನ ಸಲವೂ ಬೆಲೆ ಇಳಿಯುತ್ತದೆ ಎಂದು ಹೇಳಿ ಬಾಡಿಗೆ ಏರಿಸಲು ಬಿಡದಿದ್ದ ಅರ್ಥಶಾಸ್ತ್ರಜ್ಞರೇ ತುಟಿ ಪಿಟಕ್ಕೆನ್ನದೆ ಒಪ್ಪಿಕೊಂಡಿದ್ದಾರೆ. ಅಂದಮೇಲೆ ಇನ್ನೇನು, ಮನೆಯ ಪಕ್ಕದಲ್ಲೇ ಮೆಟ್ರೋ ಬರುತ್ತಿರಬೇಕು, ಬೆಲೆ ಎರಡು ಪಟ್ಟಾಗುತ್ತಿರಬೇಕು!

ಕಾಕಾ ಫೋನು ಕೆಳಗಿಟ್ಟರು.

“ಇಷ್ಟ ವರ್ಷ ನನ್ನ ಮಾತಿಗೆ ಯಾರೂ ಕಿಮ್ಮತ್ತ ಕೊಡಲಿಲ್ಲ. ಕೊಟ್ಟರೂ ಈಗ ಕೊಟ್ರು ನೋಡು.”

ನಾನು ನಕ್ಕೆ. ಅವರು ನಗಲಿಲ್ಲ. ನಾಳೆ ನಿನ್ನ ಕಾರು ತೆಗೆ, ಬಾರಾಮತಿಗೆ ಹೋಗಬೇಕು ಎಂದರು.

ಬಾರಾಮತಿಯಲ್ಲಿ ಮಾಲೀಕರು ಪಡಸಾಲೆಯಲ್ಲಿ ಕೂರಿಸಿ ಕಬ್ಬಿನ ಹಾಲು ಕೊಟ್ಟರು. ಕಾಕಾ ಮರಾಠಿಯಲ್ಲಿ ಶುರು ಮಾಡಿದರು. ಮೆಟ್ರೋ ಇಲ್ಲ, ಏನೂ ಇಲ್ಲ, ಬೆಲೆ ಇಳಿಯುವುದು ಖಂಡಿತ, ನೀವು ಈಗಲೇ ಮಾರುವುದು ಒಳ್ಳೆಯದು ಎಂದು ಬಾಡಿಗೆ, ಬಡ್ಡಿ, ಖಾಲಿ ಕಿಟಕಿ, ಬಟ್ಟೆಯಿಲ್ಲದ ಬಾಲ್ಕನಿ ಎಲ್ಲ ಸಾಕ್ಷಿಗಳನ್ನೂ ಮುಂದಿಟ್ಟರು. ಅವರ ಜೀವನದ ಅತ್ಯುತ್ತಮ ಉಪನ್ಯಾಸ ಅದು. ಮಾಲೀಕರು ತಾಳ್ಮೆಯಿಂದ ಪೂರ್ತಿ ಕೇಳಿದರು. ಕೇಳಿ ಒಂದೇ ಪ್ರಶ್ನೆ ಹಾಕಿದರು. ಇಳಿಯುವುದು ಖಂಡಿತವಾದರೆ, ಸರ್, ನೀವು ಯಾಕೆ ಈಗ ಕೊಳ್ಳುತ್ತೀರಿ?

ಕಾಕಾ ನನ್ನ ಮುಖ ನೋಡಿದರು. ಆಮೇಲೆ ಕೈಯಲ್ಲಿದ್ದ ಲೋಟ ನೋಡಿದರು. ಅವರು ಆಗ ಮರಾಠಿಯಲ್ಲಿ ಹೇಳಿದ್ದನ್ನು ನಾನು ಕನ್ನಡದಲ್ಲಿ ಹೇಳುತ್ತಿದ್ದೇನೆ.

“ನನ್ನ ಹೆಂಡತಿಯ ಕಣ್ಣು ಹೋಗುತ್ತಿದೆ. ಹೋದದ್ದು ಬರುವುದಿಲ್ಲ, ಇದ್ದದ್ದೂ ಉಳಿಯುವುದಿಲ್ಲ ಎಂದು ಡಾಕ್ಟರು ಹೇಳಿದ್ದಾರೆ. ಯಾರಿಗೂ ಹೇಳಬೇಡಿ ಎಂದು ನನ್ನಿಂದ ಮಾತು ತೆಗೆದುಕೊಂಡಿದ್ದಾಳೆ. ನಿಮ್ಮ ಮನೆಯಲ್ಲಿ ಪ್ರತಿ ಬಾಗಿಲಿಗೂ ಹೊಸ್ತಿಲಿದೆ. ಕಾಲಿಗೆ ತಾಗಿದರೆ ಸಾಕು, ಇದು ಅಡಿಗೆಮನೆ, ಇದು ದೇವರ ಕೋಣೆ ಎಂದು ಅವಳಿಗೆ ತಿಳಿಯುತ್ತದೆ. ಹೊಸ ಮನೆಗಳಲ್ಲೆಲ್ಲ ನಾನು ಕಣ್ಣು ಮುಚ್ಚಿಕೊಂಡು ನಡೆದು ನೋಡಿದೆ. ಎಲ್ಲಿದ್ದೇನೆಂದು ಒಂದರಲ್ಲೂ ತಿಳಿಯಲಿಲ್ಲ. ಬೆಲೆ ಇಳಿಯುವವರೆಗೆ ನಾನು ಕಾಯಬಲ್ಲೆ. ಅವಳ ಕಣ್ಣು ಕಾಯುವುದಿಲ್ಲ.”

ಕಪ್ಪಿನೊಳಗಿನ ಬೆರಳು, ಭಾನುವಾರದ ಮೊಣಕಾಲು ನೋವು, ಈಚೆಗೆ ಸೊಟ್ಟಗಾಗುತ್ತಿದ್ದ ಎಳೆ ರಂಗೋಲಿ ಎಲ್ಲ ನನ್ನ ಕಣ್ಣೆದುರು ಬಂದು ಸಾಲಾಗಿ ನಿಂತವು. ನಾನು ನಗುತ್ತ ಅಭಿನಯಿಸಿ ತೋರಿಸುತ್ತಿದ್ದೆನಲ್ಲ, ಆ ಚಾಚಿದ ಕೈಗಳು ಕಾಕುವಿನವು. ಅಳು ತಡೆಯಲಾಗದೆ ನಾನು ಸೆರಗು ಬಾಯಿಗಿಟ್ಟುಕೊಂಡೆ.

ಮಾಲೀಕರು ಹೆಗಲ ಮೇಲಿನ ವಸ್ತ್ರದಿಂದ ಮುಖ ಒರೆಸಿಕೊಂಡರು. ಕೋಣೆ ಕೋಣೆಗೂ ಹೊಸ್ತಿಲು ಬೇಕೆಂದು ಹಟ ಹಿಡಿದು ಹಾಕಿಸಿದವಳು ತಮ್ಮ ತಾಯಿ, ಎಡವಿ ಬೀಳುತ್ತೀರೆಂದು ಮನೆ ಕಟ್ಟುವ ಗೌಂಡಿಗಳು ನಕ್ಕಿದ್ದರು, ಇಷ್ಟು ವರ್ಷದಲ್ಲಿ ಅದನ್ನು ಮೆಚ್ಚಿದವರು ನೀವೊಬ್ಬರೇ ಎಂದರು. ಮನೆ ನಿಮಗೇ ಎಂದರು. ಆಮೇಲೆ, ಯಾರೂ ಕೇಳದೆ, ಮೊದಲು ಹೇಳಿದ್ದಕ್ಕಿಂತ ಕಡಿಮೆ ಬೆಲೆ ಹೇಳಿದರು.

ನೋಡಿದಿರಾ? ಪುಣೆಯಲ್ಲಿ ಮನೆಯೊಂದರ ಬೆಲೆ ಇಳಿದದ್ದನ್ನು ನಾನು ಕಣ್ಣಾರೆ ಕಂಡದ್ದು ಅದೊಂದೇ ಸಲ! ಕಾಕಾನ ಭವಿಷ್ಯ ನಿಜವಾಯಿತು. ಆದರೆ ಕಾಕಾ ಏನು ಮಾಡಬೇಕು? ಅದು ಪೇಟೆಯ ದರಕ್ಕಿಂತ ಕಡಿಮೆಯಾಯಿತು, ಶಾಸ್ತ್ರಕ್ಕೆ ಒಪ್ಪುವುದಿಲ್ಲ, ಹೆಚ್ಚು ತೆಗೆದುಕೊಳ್ಳಿ ಎಂದು ವಾದಕ್ಕೆ ನಿಂತರು. ಕೊಳ್ಳುವವರು ಏರಿಸುವುದು, ಮಾರುವವರು ಇಳಿಸುವುದು! ಕೊನೆಗೆ ನಾನು ಕಾಕಾನ ತೊಡೆ ಚಿವುಟಿ ವ್ಯವಹಾರ ಮುಗಿಸಿದೆ.

ಬರುವಾಗ ಜೇಜುರಿಯಲ್ಲಿ ಕಾರು ನಿಲ್ಲಿಸು ಎಂದರು. ದೇವರು ದಿಂಡರ ಗೊಡವೆಗೆ ಹೋಗದ ಮನುಷ್ಯ ಇಳಿದು ಹೋಗಿ ಅಂಗಡಿಯಿಂದ ಖಂಡೋಬನ ಭಂಡಾರ, ಅದೇ ಅರಿಷಿಣದ ಪುಡಿ, ದೊಡ್ಡ ಪೊಟ್ಟಣದ ತುಂಬ ತಂದರು.

ಖರೀದಿ ಪತ್ರ ನೋಂದಣಿಯಾದ ಮರುದಿನ ಬೆಳಗ್ಗೆ ನಾನು ಹೋದಾಗ ಬಾಗಿಲು ತೆರೆದೇ ಇತ್ತು. ಕಾಕಾ ಅಡಿಗೆಮನೆಯ ಹೊಸ್ತಿಲ ಮುಂದೆ ಕುಕ್ಕರುಗಾಲಲ್ಲಿ ಕೂತು, ಬಟ್ಟಲಲ್ಲಿ ಕಲಸಿದ ಭಂಡಾರವನ್ನು ದಪ್ಪವಾಗಿ ಬಳಿಯುತ್ತಿದ್ದರು. ಮುಂಬಾಗಿಲದ್ದು, ಮಲಗುವ ಕೋಣೆಯದ್ದು, ದೇವರ ಕೋಣೆಯದ್ದು ಎಲ್ಲ ಆಗಲೇ ಹಳದಿಯಾಗಿದ್ದವು. ಕನ್ನಡಕದ ಮೇಲೂ ಒಂದಿಷ್ಟು ಹಳದಿ. ಸೊನ್ನೆ ಬೆಲೆಯ ವಸ್ತುವಿಗೆ ಇಷ್ಟು ಉಪಚಾರ ಯಾಕೆ ಎಂದು ಕೇಳಿದೆ.

“ಪ್ಯಾಟ್ಯಾಗ ಸೊನ್ನಿನ,” ಎಂದರು ಕಾಕಾ. ಆಮೇಲೆ ಮೆಲ್ಲಗೆ, “ಹಳದಿ ಒಂದ ಆಕಿಗೆ ಇನ್ನೂ ಕಾಣಸ್ತದ.”

ಒಳಗಿನಿಂದ ಕಾಕು ಚಹಾದ ತಟ್ಟೆ ಹಿಡಿದು ಬಂದಳು. ಹೊಸ್ತಿಲ ಹತ್ತಿರ ನಿಂತು ಕೆಳಗೆ ಬಾಗಿ ನೋಡಿದಳು. ಅವಳ ಮುಖ ಅರಳಿತು.

“ಏನ್ರಿ, ಬೆಲಿ ಇಳೀತೇನ್ರಿ?”

“ಇಳೀತದ, ತಡಿ,” ಎಂದು ಕಾಕಾ ಬಟ್ಟಲನ್ನು ಸರಿಸಿ, ಕಾಲು ಮಡಚಿಕೊಂಡು ಗೋಡೆಗೆ ಒತ್ತಿ ಕೂತರು. ಕಾಕು ಬಲಗಾಲಿನ ಬೆರಳಿಂದ ಹೊಸ್ತಿಲನ್ನು ಮುಟ್ಟಿ, ದಾಟಿ, ಒಂದು ಹನಿಯೂ ಚೆಲ್ಲದೆ ನಮ್ಮ ಕಡೆ ಬಂದಳು.